ಜುಲೈ ಒಂದರ ಪಾಠದಲ್ಲಿ ಬಿಟ್ಟುಹೋದ ಮೋಗ್ಲಿಂಗ್

ಬೋಧನಾಭ್ಯಾಸಕ್ಕೆ ನನಗೆ ಹಂಚಿಕೆಯಾದದ್ದು ಕಿತ್ತೂರಿಗೂ ಬೈಲಹೊಂಗಲಕ್ಕೂ ನಡುವಿನ ಒಂದು ಸರಕಾರಿ ಪ್ರೌಢಶಾಲೆ. ನನ್ನ ಬೋಧನಾ ವಿಷಯಗಳು ಗಣಿತ ಮತ್ತು ವಿಜ್ಞಾನ. ಆದರೂ ಜುಲೈ 1ರ ಪತ್ರಿಕಾ ದಿನದಂದು ಎಂಟನೆಯ ತರಗತಿಗೆ ಹರ್ಮನ್ ಮೋಗ್ಲಿಂಗ್ ಅವರ ಬಗ್ಗೆ ಒಂದು ಅವಧಿ ತೆಗೆದುಕೊಳ್ಳಲು ಮುಖ್ಯೋಪಾಧ್ಯಾಯರು ನನಗೇ ಹೇಳಿದರು. ಕನ್ನಡ ಬೋಧಿಸುವ ಸಹಪಾಠಿ ಅಂದು ರಜೆಯ ಮೇಲಿದ್ದಳು, ಆ ಅವಧಿಯನ್ನು ಯಾರಾದರೂ ತುಂಬಬೇಕಿತ್ತು. ಹಿಂದಿನ ರಾತ್ರಿ ಕೂತು ಪಾಠಯೋಜನೆ ಬರೆದೆ. 1843ರ ಜುಲೈ 1, ಮಂಗಳೂರ ಸಮಾಚಾರ, ಕನ್ನಡದ ಮೊದಲ ಪತ್ರಿಕೆ, ಸಂಪಾದಕರು ಮೋಗ್ಲಿಂಗ್. ಮೌಲ್ಯಮಾಪನದ ಕಾಲಂನಲ್ಲಿ ಮೂರು ಪ್ರಶ್ನೆ: ಯಾರು, ಎಲ್ಲಿ, ಯಾವಾಗ.

ಪಾಠ ಚೆನ್ನಾಗಿಯೇ ಹೋಯಿತು. ಕೊನೆಗೆ ಏನಾದರೂ ಕೇಳುವುದಿದೆಯೇ ಎಂದೆ. ಹಿಂದಿನ ಸಾಲಿನಿಂದ ಒಬ್ಬ ಹುಡುಗಿ ಎದ್ದು ನಿಂತಳು. ಅವಳ ತಂದೆ ತಾಯಿ ಸವದತ್ತಿ ಕಡೆಯವರು, ಗೌಂಡಿ ಕೆಲಸಕ್ಕೆ ಮಂಗಳೂರಿಗೆ ಗುಳೆ ಹೋಗುತ್ತಾರೆ. ಅವಳು ಇಲ್ಲಿ ಅಜ್ಜಿಯ ಮನೆಯಲ್ಲಿದ್ದು ಓದುತ್ತಾಳೆ. ಮಂಗಳೂರು ಎಂಬ ಹೆಸರು ಬಂದದ್ದಕ್ಕೇ ಪಾಠವಿಡೀ ಕಿವಿಗೊಟ್ಟು ಕೇಳಿದ್ದಳು. ಆ ಸಾಹೇಬರ ಸಾಲಿಯಲ್ಲಿ ಕೂಲಿಯವರ ಮಕ್ಕಳನ್ನು ಸೇರಿಸಿಕೊಳ್ಳುತ್ತಿದ್ದರೇ, ಅಲ್ಲಿ ಉಣ್ಣಲು ಕೊಡುತ್ತಿದ್ದರೇ ಎಂದು ಕೇಳಿದಳು. ಆಚೆ ಬದಿಯ ಒಬ್ಬ ಹುಡುಗ ಕೂತಲ್ಲಿಂದಲೇ, ಉಣ್ಣಲು ಕೊಟ್ಟು ಜಾತಿ ಕೆಡಿಸುತ್ತಿದ್ದರು ಎಂದು ಉತ್ತರ ಒಗೆದ. ತರಗತಿ ನಕ್ಕಿತು. ಗಂಟೆಯೂ ಆಯಿತು. ಇಬ್ಬರಿಗೂ ಹೇಳಲು ನನ್ನಲ್ಲಿ ಏನೂ ಇರಲಿಲ್ಲ. ತಿಳಿದುಕೊಂಡು ಬಂದು ಹೇಳುತ್ತೇನೆ, ಅಕ್ಕೋರು ಮರೆಯುವುದಿಲ್ಲ ಎಂದು ಮಾತು ಕೊಟ್ಟು ಹೊರಬಂದೆ. ವೀಕ್ಷಣಾ ಪುಸ್ತಕದಲ್ಲಿ ನಮ್ಮ ಮಾರ್ಗದರ್ಶಕರು ಸ್ವರ, ಕಪ್ಪುಹಲಗೆ, ಸಮಯಪಾಲನೆ ಮೂರಕ್ಕೂ ಒಳ್ಳೆಯ ಅಂಕ ಹಾಕಿ, ವಿಷಯದ ಸಿದ್ಧತೆ ಸಾಲದೆಂದು ಬರೆದಿದ್ದರು.

ಆ ಎರಡು ಮಾತು ನನಗೆ ನಾಟಿದ್ದಕ್ಕೆ ಬೇರೆ ಕಾರಣವೂ ಇದೆ. ಅದನ್ನು ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು. ನಮ್ಮದು ರಾಮದುರ್ಗ ತಾಲೂಕಿನ ನೇಕಾರರ ಮನೆ. ಮಗ್ಗ ನಿಂತ ಮೇಲೆ ಅಪ್ಪ ಅವ್ವ ಬೈಲಹೊಂಗಲಕ್ಕೆ ಬಂದು ಹತ್ತಿಯ ಜಿನ್ನಿನಲ್ಲಿ ಕೂಲಿಗೆ ಸೇರಿದರು. ನಾವು ಕ್ರೈಸ್ತರಲ್ಲ. ಆದರೆ ಐದನೆಯ ತರಗತಿಯಿಂದ ಪಿಯುಸಿಯವರೆಗೆ ನನ್ನ ಫೀ, ಪುಸ್ತಕ, ವರ್ಷಕ್ಕೊಂದು ಜೊತೆ ಬಟ್ಟೆ, ಸಂಜೆಯ ಊಟ ಎಲ್ಲ ಬಂದದ್ದು ಚರ್ಚಿನವರು ನಡೆಸುತ್ತಿದ್ದ ಒಂದು ಮಕ್ಕಳ ಕೇಂದ್ರದಿಂದ. ಹೊರದೇಶದ ಒಬ್ಬ ವಯಸ್ಸಾದ ದಂಪತಿ ನನ್ನ ಹೆಸರಿನ ಮೇಲೆ ತಿಂಗಳು ತಿಂಗಳು ಹಣ ಕಳಿಸುತ್ತಿದ್ದರು. ವರ್ಷಕ್ಕೊಮ್ಮೆ ಹೊಸ ಅಂಗಿ ತೊಡಿಸಿ ನನ್ನ ಫೋಟೊ ತೆಗೆದು ಅವರಿಗೆ ಕಳಿಸುತ್ತಿದ್ದರು. ನಾನು ಕಾಗದ ಬರೆಯಬೇಕಿತ್ತು. ನಾನು ಆರಾಮ ಇದ್ದೇನೆ, ನೀವು ಆರಾಮ ಇದ್ದೀರಾ, ಇಲ್ಲಿ ಮಳೆ ಬಂದಿದೆ. ಕೆಳಗೆ ಒಂದು ಮಾವಿನ ಗಿಡದ ಚಿತ್ರ. ಓಣಿಯಲ್ಲಿ ಕೆಲವರು ನನ್ನನ್ನು ನೋಡಿ ಆ ಹುಡುಗ ಅಂದ ಮಾತನ್ನೇ ಅನ್ನುತ್ತಿದ್ದರು. ನಾನು ಪಿಯುಸಿ ಓದುವಾಗ ಆ ಕೇಂದ್ರ ಮುಚ್ಚಿತು. ಕೊನೆಯ ಕಾಗದ ಬರೆಯಲು ಆಗಲೇ ಇಲ್ಲ.

ಹಾಗಾಗಿ ಆ ಹುಡುಗಿಗೆ ಉತ್ತರ ಹುಡುಕುತ್ತ ನಾನು ಓದಿದ್ದು ಪತ್ರಿಕೆಯ ಮೋಗ್ಲಿಂಗ್ ಅವರನ್ನು ಬಿಟ್ಟು ಉಳಿದ ಮೋಗ್ಲಿಂಗ್ ಅವರನ್ನು.

ಹರ್ಮನ್ ಫ್ರೆಡ್ರಿಕ್ ಮೋಗ್ಲಿಂಗ್ ಹುಟ್ಟಿದ್ದು 1811ರ ಮೇ 29ರಂದು, ಜರ್ಮನಿಯ ವ್ಯುರ್ಟೆಂಬರ್ಗ್ ಸೀಮೆಯ ಬ್ರಾಕೆನ್‌ಹೈಮ್ ಎಂಬ ಊರಿನಲ್ಲಿ. ಟ್ಯುಬಿಂಗೆನ್ ವಿಶ್ವವಿದ್ಯಾಲಯದಲ್ಲಿ ದೇವಶಾಸ್ತ್ರ ಓದಿದರು. ಅಲ್ಲಿ ಓದಿದವರಿಗೆ ಊರಿನಲ್ಲೇ ಪಾದ್ರಿಯ ಕೆಲಸ, ಮನೆ, ಮರ್ಯಾದೆ ಎಲ್ಲ ಸಿಗುವ ಕಾಲವದು. ಅದನ್ನು ಬಿಟ್ಟು ಅವರು ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್ ಸೇರಿದರು. 1815ರಲ್ಲಿ ಆರಂಭವಾದ ಆ ಸಂಸ್ಥೆಗೆ ಸೇರುತ್ತಿದ್ದವರು ಹೆಚ್ಚಾಗಿ ರೈತರ, ಕುಶಲಕರ್ಮಿಗಳ ಮಕ್ಕಳು. ವಿಶ್ವವಿದ್ಯಾಲಯದಿಂದ ಬಂದವರು ವಿರಳ. 1833ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸನ್ನದು ಬದಲಾಗಿ ಬ್ರಿಟಿಷರಲ್ಲದ ಮಿಶನರಿಗಳಿಗೂ ಭಾರತಕ್ಕೆ ಬರಲು ದಾರಿಯಾಯಿತು. ಮರುವರ್ಷವೇ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದರು. ಮೋಗ್ಲಿಂಗ್ ಬಂದದ್ದು 1836ರಲ್ಲಿ, 25ನೆಯ ವಯಸ್ಸಿನಲ್ಲಿ. ಅಂದರೆ ಈಗ ನಾವು ಪ್ರಶಿಕ್ಷಣಾರ್ಥಿಗಳು ಇರುವ ವಯಸ್ಸೇ.

ನಮ್ಮ ಕಡೆಯ ಓದುಗರು ಈ ವರ್ಷಗಳನ್ನು ಕಿತ್ತೂರಿನ ಪಕ್ಕದಲ್ಲಿ ಇಟ್ಟು ನೋಡಬೇಕು. ಕಿತ್ತೂರಿನ ಯುದ್ಧ 1824ರಲ್ಲಿ. ರಾಣಿ ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲಿ ತೀರಿಕೊಂಡದ್ದು 1829ರಲ್ಲಿ. ಸಂಗೊಳ್ಳಿ ರಾಯಣ್ಣನನ್ನು ನಂದಗಡದಲ್ಲಿ ಗಲ್ಲಿಗೇರಿಸಿದ್ದು 1831ರಲ್ಲಿ. ಧಾರವಾಡದಲ್ಲಿ ಬಾಸೆಲ್ ಮಿಶನ್ ಕೇಂದ್ರ ತೆರೆದದ್ದು 1837ರಲ್ಲಿ. ಗಾಯ ಇನ್ನೂ ಹಸಿಯಾಗಿದ್ದಾಗ, ಗಾಯ ಮಾಡಿದವರ ಆಡಳಿತದ ಆಸರೆಯಲ್ಲಿ ಇವರು ಬಂದರು. ಇವರು ಇಂಗ್ಲಿಷರಲ್ಲ, ಕಂಪನಿಯ ನೌಕರರೂ ಅಲ್ಲ. ಆದರೆ ಹಳ್ಳಿಯವರಿಗೆ ಬಿಳಿಯ ಸಾಹೇಬರೆಲ್ಲ ಒಂದೇ ಆಗಿ ಕಂಡಿದ್ದರೆ ಅದರಲ್ಲಿ ತಪ್ಪಿಲ್ಲ. ಮಕ್ಕಳಿಗೆ ಹೇಳುವಾಗ ಇದನ್ನು ನುಂಗಿಕೊಳ್ಳಬಾರದು ಎಂದು ನನಗೆ ಅನಿಸಿತು.

1839ರಲ್ಲಿ ಹುಬ್ಬಳ್ಳಿಯಲ್ಲೂ 1841ರಲ್ಲಿ ಬೆಟಗೇರಿಯಲ್ಲೂ ಕೇಂದ್ರಗಳಾದವು. ಆ ಹೊತ್ತಿಗೆ ಹುಬ್ಬಳ್ಳಿ ಸುತ್ತಿನ ಹಳ್ಳಿಗಳಲ್ಲಿ ಕಾಲಜ್ಞಾನವನ್ನು ನಂಬುವ ಒಂದು ಪಂಗಡದ ಜನ, ಹಳೆಯ ಭವಿಷ್ಯವಾಣಿಯಲ್ಲಿ ಹೇಳಿದವರು ಇವರೇ ಇರಬೇಕೆಂದು ಮಿಶನರಿಗಳ ಬಳಿ ಬಂದರು. ಬರುವವರು ಸಾವಿರಗಟ್ಟಲೆ ಎಂದು ಇವರು ಆಸೆಪಟ್ಟರು. ಮೋಗ್ಲಿಂಗ್ ಅವರಿಗೂ ಆ ಆಸೆ ಇತ್ತು. ಬರುವ ಕುಟುಂಬಗಳಿಗೆ ಉಳಲು ನೆಲ ಬೇಕೆಂದು 1841ರಲ್ಲಿ ಗದಗಿನ ಹತ್ತಿರ ಮಲ್ಲಸಮುದ್ರದಲ್ಲಿ ಒಂದು ಒಕ್ಕಲುತನದ ನೆಲೆ ಮಾಡಿದರು. ನೆಲ ಸಿದ್ಧವಾಯಿತು, ಜನ ಬರಲಿಲ್ಲ. ದೂರದಲ್ಲಿ ಕೂತು ಲೆಕ್ಕ ಹಾಕಿದ ಉಪಕಾರ ಬಹಳ ಸಲ ಹೀಗೇ ಆಗುತ್ತದೆ. ಜನರಿಗೆ ಏನು ಬೇಕೆಂದು ಕೇಳುವ ಮೊದಲೇ ಬಾವಿ ತೋಡಿರುತ್ತಾರೆ. ಗಣಿತದವಳಾದ ನನಗೆ ಆ ಸಾವಿರದ ಅಂದಾಜು ಹೇಗೆ ಬಂತು ಎಂಬುದೇ ಕುತೂಹಲ.

ಮೋಗ್ಲಿಂಗ್ ಅವರ ನಿಜವಾದ ಕೆಲಸ ಇದಕ್ಕಿಂತ ಸಣ್ಣ ಅಳತೆಯದು. ಮಂಗಳೂರಿನಲ್ಲಿ ಹುಡುಗರ ಶಾಲೆ, ಅದರ ಜೊತೆಗೆ ವಸತಿ. ಹುಡುಗಿ ಕೇಳಿದ ಪ್ರಶ್ನೆಗೆ ಉತ್ತರ ಇಲ್ಲಿದೆ. ಮಿಶನ್ನಿನ ವಸತಿ ಶಾಲೆಗಳಲ್ಲಿ ಬಡವರ ಮಕ್ಕಳಿಗೂ ತಬ್ಬಲಿಗಳಿಗೂ ಜಾಗವಿತ್ತು, ಊಟವೂ ಇತ್ತು. ಹೆಣ್ಣುಮಕ್ಕಳಿಗೆ ಬೇರೆ ವಸತಿ ಇತ್ತು, ಅದನ್ನು ಮಿಶನರಿಗಳ ಹೆಂಡಂದಿರು ನೋಡಿಕೊಳ್ಳುತ್ತಿದ್ದರು. ಮೋಗ್ಲಿಂಗ್ ಅವರದು ಇನ್ನೊಂದು ವಿಶೇಷ. ಬಂಗಲೆಯಲ್ಲಿ ಬೇರೆ ಇರದೆ ಅವರು ವಿದ್ಯಾರ್ಥಿಗಳ ಜೊತೆಗೇ ವಾಸಮಾಡಿದರು, ಹುಡುಗರು ಉಣ್ಣುವ ಅನ್ನವನ್ನೇ ಉಂಡರು. ಯುರೋಪಿನವರು ಹೀಗೆ ಬಾಳುವುದು ಆಗ ಸಾಮಾನ್ಯವಾಗಿರಲಿಲ್ಲ. ಅವರ ಕನ್ನಡ ಬೆಳೆದದ್ದೂ ಇಲ್ಲಿಯೇ ಇರಬೇಕೆಂದು ನನ್ನ ಊಹೆ, ಏಕೆಂದರೆ ಅವರು ಮುಂದೆ ಪ್ರಕಟಿಸಿದ್ದರಲ್ಲಿ ಗಾದೆಗಳ ಸಂಗ್ರಹವೂ ಒಂದು. ಗಾದೆ ಪುಸ್ತಕದಿಂದ ಬರುವಂಥದ್ದಲ್ಲ, ಜೊತೆಗೆ ಕೂತವರ ಬಾಯಿಂದ ಬರುವಂಥದ್ದು.

ಈ ಶಾಲೆಯ ನಡುವೆಯೇ ಪತ್ರಿಕೆ ಬಂದದ್ದು. ಕಲ್ಲಚ್ಚಿನಲ್ಲಿ ಮುದ್ರಿಸಿದ ನಾಲ್ಕು ಪುಟ, ಹದಿನೈದು ದಿನಕ್ಕೊಮ್ಮೆ. ಊರಿನ ಸುದ್ದಿ, ಸರಕಾರದ ಕಾನೂನು, ಪರದೇಶದ ವರ್ತಮಾನ, ಜೊತೆಗೆ ದಾಸರ ಪದ. ಮಂಗಳೂರಿನಲ್ಲಿ ಅದರ ಕೊನೆಯ ಸಂಚಿಕೆ 1844ರ ಫೆಬ್ರವರಿ 28ರದು. ಆಮೇಲೆ ಅದು ಬಳ್ಳಾರಿಗೆ ಹೋಗಿ ಕನ್ನಡ ಸಮಾಚಾರವಾಯಿತು. ನಾನು ಇಡೀ ಅವಧಿ ಹೇಳಿದ ಪತ್ರಿಕೆ ಮಂಗಳೂರಿನಲ್ಲಿ ನಡೆದದ್ದು ಎಂಟು ತಿಂಗಳು. ಮೋಗ್ಲಿಂಗ್ ಈ ನಾಡಿನಲ್ಲಿದ್ದದ್ದು ಇಪ್ಪತ್ತನಾಲ್ಕು ವರ್ಷದಷ್ಟು.

ಇನ್ನು ಆ ಹುಡುಗನ ಮಾತು. ಮೋಗ್ಲಿಂಗ್ ಬಂದದ್ದು ಮತಪ್ರಚಾರಕ್ಕೆ, ಅದನ್ನು ಅವರು ಮುಚ್ಚಿಡಲೂ ಇಲ್ಲ. ಆದರೆ ಆ ಕಾಲದಲ್ಲಿ ಮಂಗಳೂರನ್ನು ಅಲ್ಲಾಡಿಸಿದ ಘಟನೆಗೂ ಊಟಕ್ಕೂ ಸಂಬಂಧವಿರಲಿಲ್ಲ. 1844ರ ಜನವರಿಯಲ್ಲಿ ಇಂಗ್ಲಿಷ್ ಶಾಲೆಯ ಮೂವರು ಬ್ರಾಹ್ಮಣ ಯುವಕರು ಕ್ರೈಸ್ತರಾದರು. ಅವರಲ್ಲೊಬ್ಬರು ಆನಂದರಾವ್ ಕೌಂಡಿನ್ಯ, ಹುಟ್ಟಿದ್ದು 1825ರಲ್ಲಿ, ಉಂಡು ಉಡಲು ಇದ್ದ ಮನೆತನದವರು. ಊರಿನಲ್ಲಿ ದೊಡ್ಡ ಗಲಭೆಯಾಯಿತು. ಆನಂದರಾಯರು ಮನೆಯನ್ನು ಬಿಟ್ಟು ಬರಬೇಕಾಯಿತು. ಮೋಗ್ಲಿಂಗ್ ಅವರನ್ನು ಮಗನಂತೆ ಇಟ್ಟುಕೊಂಡರು, ಆನಂದರಾಯರು ಗುರುವಿನ ಹೆಸರಾದ ಹರ್ಮನ್ ಎಂಬುದನ್ನು ತಮ್ಮ ಹೆಸರಿಗೆ ಸೇರಿಸಿಕೊಂಡರು. 1846ರಲ್ಲಿ ಯುರೋಪಿಗೆ ಹೋದ ಅವರು ಬಾಸೆಲ್‌ನಲ್ಲಿ ಓದಿ, 1851ರಲ್ಲಿ ಪಾದ್ರಿಯಾಗಿ ಹಿಂತಿರುಗಿ, ಮಂಗಳೂರಿನಲ್ಲಿ ಬಹುಕಾಲ ಪಾಠ ಹೇಳಿದರು. ಇದನ್ನು ಮಿಶನ್ನಿನ ಕಡೆಯಿಂದ ಓದಿದರೆ ಒಂದು ಗೆಲುವು. ಮಗ ಮನೆ ಬಿಟ್ಟುಹೋದ ತಾಯಿಯ ಕಡೆಯಿಂದ ಓದಿದರೆ ಬೇರೆಯೇ. ಶಿಕ್ಷಕರಾಗುವ ನಾವು ಎರಡೂ ಕಡೆಯಿಂದ ಓದದಿದ್ದರೆ ತಪ್ಪಾದೀತು. ಹದಿನೆಂಟು ಹತ್ತೊಂಬತ್ತರ ವಿದ್ಯಾರ್ಥಿಯ ಮೇಲೆ ಮೆಚ್ಚಿನ ಗುರುವಿನ ಮಾತಿಗೆ ಎಷ್ಟು ಬಲ ಇರುತ್ತದೆ ಎಂಬುದು ನಮಗೆ ಗೊತ್ತಿರುವುದೇ.

ಬಡವರು ಮತಾಂತರವಾದಾಗ ಸಂಗತಿ ಬೇರೆ. ಜಾತಿಯಿಂದ ಹೊರಬಿದ್ದವರಿಗೆ ಮನೆಯ ಜೊತೆಗೆ ಕುಲಕಸುಬೂ ಹೋಗುತ್ತಿತ್ತು. ಹೊಲದ ಒಡೆಯ ಕೆಲಸ ಕೊಡುವುದಿಲ್ಲ, ಊರ ಬಾವಿ ಇಲ್ಲ. ಅವರನ್ನು ಎಷ್ಟು ದಿನ ಕೂರಿಸಿ ಉಣಿಸುವುದು? ಆ ತೊಡಕಿನಿಂದಲೇ ಬಾಸೆಲ್ ಮಿಶನ್ನಿನ ನೇಯ್ಗೆಯ ಕಾರ್ಖಾನೆಗಳು, 1865ರಲ್ಲಿ ಆರಂಭವಾದ ಹಂಚಿನ ಕಾರ್ಖಾನೆ ಎಲ್ಲ ಹುಟ್ಟಿದವು. ಇಂದು ನಾವು ಮಂಗಳೂರು ಹಂಚು ಎನ್ನುವಾಗ ಅದರ ಹಿಂದೆ ಊರು ಕಳೆದುಕೊಂಡ ಕುಟುಂಬಗಳ ಕೂಲಿಯ ಪ್ರಶ್ನೆ ಇತ್ತೆಂದು ನೆನೆಯುವುದಿಲ್ಲ. ರಾಮದುರ್ಗಕ್ಕೆ ದೂರವಲ್ಲದ ಗುಳೇದಗುಡ್ಡದಲ್ಲಿ 1851ರಲ್ಲೇ ಮಿಶನ್ ಕೇಂದ್ರವಾಗಿತ್ತು. ನಮ್ಮ ಅವ್ವ ಹಬ್ಬಕ್ಕೆ ತೊಡುವ ಖಣದ ಕುಪ್ಪಸ ಅದೇ ಊರಿನ ನೇಕಾರರದು. ನೇಕಾರರ ಮನೆಯಲ್ಲಿ ಹುಟ್ಟಿದ ನಾನು ಇದನ್ನು ಇಪ್ಪತ್ತನಾಲ್ಕು ವರ್ಷ ಕೇಳಿರಲಿಲ್ಲ.

ಈ ಎಲ್ಲಕ್ಕೆ ಹಣ ಎಲ್ಲಿಂದ ಬರುತ್ತಿತ್ತು ಎಂಬುದು ನನಗೆ ಎಲ್ಲಕ್ಕಿಂತ ಬೇಕಾದ ವಿಷಯವಾಗಿತ್ತು. ಶ್ರೀಮಂತ ವ್ಯಾಪಾರಿಗಳು ಕೊಡುತ್ತಿದ್ದರು, ನಿಜ. ಆದರೆ 1855ರಿಂದ ಬಾಸೆಲ್ ಮಿಶನ್ನಿಗೆ ಇನ್ನೊಂದು ದಾರಿಯಾಯಿತು. ಮನೆಮನೆಗೆ ಹೋಗಿ ವಾರಕ್ಕೆ ಅರ್ಧ ಬಾಟ್ಸನ್ ಎಂಬ ಚಿಲ್ಲರೆ ನಾಣ್ಯ ಕೂಡಿಸುವುದು. ಸ್ವಿಟ್ಜರ್ಲೆಂಡಿನಲ್ಲೂ ದಕ್ಷಿಣ ಜರ್ಮನಿಯಲ್ಲೂ ಮನೆಗೆಲಸದವರು, ಒಕ್ಕಲಿಗರು, ಕೂಲಿಯವರು ಆ ಚಿಲ್ಲರೆ ಹಾಕುತ್ತಿದ್ದರು. ಎಲ್ಲಿಯೋ ಇರುವ ಮಂಗಳೂರಿನ, ಬೆಟಗೇರಿಯ ಮಕ್ಕಳ ಬಗ್ಗೆ ಅವರಿಗೆ ತಿಳಿಯುತ್ತಿದ್ದದ್ದು ಮಿಶನರಿಗಳು ಬರೆದ ವರದಿಗಳಿಂದ ಮಾತ್ರ. ಸುಯೆಜ್ ಕಾಲುವೆ 1869ರವರೆಗೆ ಇರಲಿಲ್ಲ, ಕಾಗದ ಮುಟ್ಟಿ ಉತ್ತರ ಬರಲು ತಿಂಗಳುಗಳೇ ಹಿಡಿಯುತ್ತಿದ್ದವು. ಇದನ್ನು ಓದಿದ ದಿನ ನನ್ನ ಮಾವಿನ ಗಿಡದ ಚಿತ್ರ ನೆನಪಾಯಿತು. ನನಗೆ ಹಣ ಕಳಿಸಿದವರು ಸಿರಿವಂತರು ಎಂದೇ ನಾನು ತಿಳಿದಿದ್ದೆ. ಹಾಗೆ ತಿಳಿಯಲು ನನಗೆ ಯಾವ ಆಧಾರವೂ ಇರಲಿಲ್ಲ.

ಮೋಗ್ಲಿಂಗ್ ಅವರ ಮುಂದಿನ ಹತ್ತು ವರ್ಷದಲ್ಲಿ ಕನ್ನಡ ಪುಸ್ತಕಗಳ ಕೆಲಸವೇ ದೊಡ್ಡದು. ಕಸಾಮೇಜರ್ ಎಂಬ ಇಂಗ್ಲಿಷ್ ಅಧಿಕಾರಿಯ ಹಣದ ನೆರವಿನಿಂದ 1848ರಿಂದ 1853ರ ನಡುವೆ ಬಿಬ್ಲಿಯೊಥೆಕಾ ಕರ್ನಾಟಿಕಾ ಎಂಬ ಮಾಲೆಯಲ್ಲಿ ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳು ಮುಂತಾದವನ್ನು ಕಲ್ಲಚ್ಚಿನಲ್ಲಿ ಹೊರತಂದರು. ಪಾದ್ರಿಯೊಬ್ಬರು ಬಸವಪುರಾಣ ಅಚ್ಚುಹಾಕಿಸಿದರು ಎಂದರೆ ಬೈಲಹೊಂಗಲದಲ್ಲಿ ಇಂದಿಗೂ ಕೆಲವರು ನಂಬಲಿಕ್ಕಿಲ್ಲ. 1858ರಲ್ಲಿ ಟ್ಯುಬಿಂಗೆನ್ ಕೊಟ್ಟ ಗೌರವ ಡಾಕ್ಟರೇಟ್ ಈ ಕೆಲಸಕ್ಕೆ. ಇದು ಎಲ್ಲ ಪುಸ್ತಕಗಳಲ್ಲಿ ಇರುವುದರಿಂದ ಇಲ್ಲಿ ಬೆಳೆಸುವುದಿಲ್ಲ.

1850ರ ನಂತರ ಬಾಸೆಲ್‌ನಲ್ಲಿ ಜೋಸೆನ್‌ಹಾನ್ಸ್ ಎಂಬವರು ಮುಖ್ಯಸ್ಥರಾದರು. ಅವರು ಭಾರತಕ್ಕೂ ಬಂದು ಎಲ್ಲ ಕೇಂದ್ರಗಳನ್ನು ನೋಡಿ ಕಟ್ಟುನಿಟ್ಟಿನ ನಿಯಮಗಳನ್ನು ತಂದರು. ತಮ್ಮದೇ ದಾರಿಯ ಮೋಗ್ಲಿಂಗ್ ಅವರಿಗೆ ಅದು ಒಗ್ಗಲಿಲ್ಲ. ಊರಿಗೆ ಮರಳುವ ಯೋಚನೆಯಲ್ಲಿದ್ದಾಗ ಕೊಡಗಿನ ಆಲಮಂಡ ಸೋಮಯ್ಯ ಎಂಬವರು ಮಂಗಳೂರಿಗೆ ಹುಡುಕಿಕೊಂಡು ಬಂದರು. 1853ರಲ್ಲಿ ಮೋಗ್ಲಿಂಗ್ ಅವರ ಜೊತೆ ಕೊಡಗಿಗೆ ಹೋದರು. ಭೂಮಿ ಇದ್ದ ಕೊಡವ ಮನೆತನಗಳು ತಮ್ಮ ಬಳಿ ಬರುತ್ತವೆ ಎಂಬ ನಿರೀಕ್ಷೆ ಅವರದು. ಅವು ಬರಲಿಲ್ಲ. ಬಂದವರು ಆ ಭೂಮಿಯಲ್ಲಿ ತಲೆಮಾರುಗಳಿಂದ ಜೀತಕ್ಕಿದ್ದ ಹೊಲೆಯರ ಕುಟುಂಬಗಳು. 1843ರ ಕಾಯ್ದೆಯಿಂದ ಗುಲಾಮಗಿರಿಗೆ ಕಾನೂನಿನ ಬಲ ತಪ್ಪಿತ್ತು, ಆದರೆ ಕಾಗದದ ಮೇಲೆ ಬಿಡುಗಡೆಯಾದವನಿಗೆ ಮರುದಿನದ ಗಂಜಿಯನ್ನು ಕಾಯ್ದೆ ಕೊಡುವುದಿಲ್ಲ. 1850ರ ದಶಕದ ಕೊನೆಗೆ ಮೋಗ್ಲಿಂಗ್ ಮತ್ತು ಆನಂದರಾಯರು ಆ ಕುಟುಂಬಗಳಿಗಾಗಿ ದಕ್ಷಿಣ ಕೊಡಗಿನಲ್ಲಿ ಒಂದು ಹಳ್ಳಿಯನ್ನೇ ಕಟ್ಟಿಸಿದರು. ಅದು ಆನಂದಪುರ, ಶಿಷ್ಯನ ಹೆಸರು. ಮಲ್ಲಸಮುದ್ರದಲ್ಲಿ ನೆಲ ಮೊದಲು ಬಂದಿತ್ತು. ಇಲ್ಲಿ ಜನ ಮೊದಲು ಬಂದರು, ನೆಲ ಆಮೇಲೆ. ಆನಂದಪುರ ಇಂದಿಗೂ ಇದೆ.

ಈ ನಡುವೆ 1855ರಲ್ಲಿ, ಕನ್ನಡ ಬೈಬಲ್ ಅನುವಾದದಲ್ಲಿ ದುಡಿಯುತ್ತಿದ್ದ ಅವರ ಬಂಧು ಗಾಟ್‌ಫ್ರೀಡ್ ವೈಗ್ಲೆ ತೀರಿಕೊಂಡರು. ಮರುವರ್ಷ ಮೋಗ್ಲಿಂಗ್, 45ನೆಯ ವಯಸ್ಸಿನಲ್ಲಿ, ವೈಗ್ಲೆಯವರ ವಿಧವೆ ಪೌಲಿನ ಅವರನ್ನು ಮದುವೆಯಾಗಿ ಆ ಮಕ್ಕಳಿಗೂ ತಂದೆಯಾದರು. ನಮ್ಮ ಕಡೆ ಉಡಿಕೆಯಾದವರ ಮನೆಯಲ್ಲಿ ಮೊದಲ ಗಂಡನ ಮಕ್ಕಳ ಪಾಡೇನೆಂದು ಕಂಡವರಿಗೆ ಇದು ಸಣ್ಣ ಸಂಗತಿ ಎನಿಸಲಾರದು. ಹೆಂಡತಿಯ ಆರೋಗ್ಯ ಕೆಟ್ಟಿತು. 1860ರಲ್ಲಿ ಮೋಗ್ಲಿಂಗ್ ಜರ್ಮನಿಗೆ ಹೋದವರು ತಿರುಗಿ ಬರಲಿಲ್ಲ. ಅಲ್ಲಿಂದ ದಾಸರ ಪದಗಳನ್ನು ಜರ್ಮನ್ ಭಾಷೆಗೆ ತಂದರು, ಕೊಡಗಿನ ಬಗ್ಗೆ ಬರೆದರು. 1876ರಿಂದ 78ರವರೆಗಿನ ಘೋರ ಬರ ನಮ್ಮ ಸೀಮೆಯನ್ನು ಹಿಂಡಿ, ತಬ್ಬಲಿ ಮಕ್ಕಳು ಮಿಶನ್ನಿನ ಬಾಗಿಲಿಗೆ ಬಂದಾಗ ಅವರು ಇಲ್ಲಿರಲಿಲ್ಲ. 1881ರ ಮೇ 10ರಂದು ಎಸ್ಲಿಂಗೆನ್‌ನಲ್ಲಿ ತೀರಿಕೊಂಡರು.

ಇಷ್ಟನ್ನು ಓದಿ ಮುಗಿಸುವ ಹೊತ್ತಿಗೆ ನಮ್ಮ ಮೊದಲ ಹಂತದ ಬೋಧನಾಭ್ಯಾಸ ಮುಗಿದಿತ್ತು. ಎರಡನೆಯ ಹಂತಕ್ಕೆ ಅದೇ ಶಾಲೆಗೆ ಹೋದದ್ದು ದೀಪಾವಳಿಯ ನಂತರ. ಹುಡುಗಿಯ ಜಾಗ ಖಾಲಿ. ಈ ಸಲ ತಾಯಿಯ ಜೊತೆ ತಮ್ಮನನ್ನು ನೋಡಿಕೊಳ್ಳಲು ಅವಳೂ ಮಂಗಳೂರಿಗೆ ಹೋಗಿದ್ದಳು. ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ ಮೂರು ವಾರದಿಂದ ಒಂದೇ ಗುರುತು.

ಉಳಿದವರಿಗೆ ಬೆಳಕಿನ ಪ್ರತಿಫಲನದ ಪಾಠ ಬೇಗ ಮುಗಿಸಿ, ಕೊನೆಯ ಹದಿನೈದು ನಿಮಿಷದಲ್ಲಿ ಮೋಗ್ಲಿಂಗ್ ಅವರ ಕಥೆ ಹೇಳಿದೆ. ಮಲ್ಲಸಮುದ್ರ ಹೇಳಿದೆ, ಆನಂದರಾಯರ ಮನೆಯವರ ದುಃಖವನ್ನೂ ಹೇಳಿದೆ. ಜಾತಿ ಕೆಡಿಸುವ ಮಾತಾಡಿದ್ದ ಹುಡುಗ ಈ ಸಲ ಎದ್ದು ನಿಂತು, ಚಿಲ್ಲರೆ ಹಾಕಿದವರು ಆ ಮಕ್ಕಳನ್ನು ಎಂದಾದರೂ ಕಣ್ಣಾರೆ ಕಂಡಿದ್ದರೇ ಎಂದು ಕೇಳಿದ. ಬಹುತೇಕ ಯಾರೂ ಕಂಡಿರಲಿಕ್ಕಿಲ್ಲ ಎಂದೆ. ಆಮೇಲೆ, ಪಾಠಯೋಜನೆಯಲ್ಲಿ ಬರೆಯದಿದ್ದರೂ, ಹೊಸ ಅಂಗಿ ತೊಟ್ಟು ತೆಗೆಸಿಕೊಳ್ಳುತ್ತಿದ್ದ ನನ್ನ ಫೋಟೊದ ಸುದ್ದಿ ಹೇಳಿದೆ. ಯಾವ ತರಗತಿಯಲ್ಲೂ ಅದನ್ನು ನಾನು ಹೇಳಿರಲಿಲ್ಲ. ಯಾರೂ ನಗಲಿಲ್ಲ. ಆ ಫೋಟೊಗಳು ಈಗಲೂ ಅವರ ಮನೆಯಲ್ಲಿ ಇರಬಹುದೇ ಎಂದು ಒಬ್ಬಳು ಕೇಳಿದಳು. ಆ ದಿನ ಮೌಲ್ಯಮಾಪನದ ಕಾಲಂ ಖಾಲಿ ಉಳಿಯಿತು, ಮಾರ್ಗದರ್ಶಕರು ಅಲ್ಲೊಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದಾರೆ.

ಹುಡುಗಿಗೆ ಕೊಟ್ಟ ಮಾತು ಉಳಿದಿತ್ತು. ಅವ್ವನಿಗೆ ಓದಿ ಹೇಳಲು ಬರುವಷ್ಟು ಸರಳವಾಗಿ ಎರಡು ಪುಟ ಬರೆದೆ. ಬಲ್ಮಠ ಎಂಬ ಬಡಾವಣೆ ಮಂಗಳೂರಿನಲ್ಲಿ ಎಲ್ಲಿದೆ, ಅಲ್ಲಿ ಯಾರು ಪಾಠ ಹೇಳುತ್ತಿದ್ದರು, ಕೂಲಿಯವರ ಮಕ್ಕಳಿಗೆ ಊಟವಿತ್ತೇ ಎಂಬುದನ್ನೆಲ್ಲ. ಗುಳೆ ಹೋದವರ ಮಕ್ಕಳನ್ನು ಅಲ್ಲಿಯ ಸರಕಾರಿ ಸಾಲಿಯಲ್ಲಿ ನಡುವರ್ಷದಲ್ಲೂ ಸೇರಿಸಿಕೊಳ್ಳಬೇಕು, ಇಲ್ಲ ಅಂದರೆ ನಮ್ಮ ಮುಖ್ಯೋಪಾಧ್ಯಾಯರಿಗೆ ಫೋನ್ ಮಾಡಿಸು ಎಂದು ಕೆಳಗೆ ನಂಬರ್ ಬರೆದೆ. ಸಂಜೆ ಅಜ್ಜಿಯ ಮನೆಗೆ ಹೋಗಿ ಕೊಟ್ಟೆ. ಅಜ್ಜಿ ಅದನ್ನು ನಾಲ್ಕು ಮಡಿಕೆ ಮಾಡಿ ಎಲೆ ಅಡಿಕೆಯ ಸಂಚಿಯಲ್ಲಿ ಇಟ್ಟುಕೊಂಡಳು. ಗುರುವಾರದ ಬಸ್ಸಿಗೆ ಓಣಿಯವರು ಯಾರೋ ಮಂಗಳೂರಿಗೆ ಹೊರಟಿದ್ದಾರಂತೆ.